ನ್ಯಾಯಪೀಠಕ್ಕೆ ಏರುವವರು ಬೆಟ್ಟದ ನ್ಯಾಯವನ್ನು ಬಲ್ಲರೇ?



ವಿಧಾನಸಭೆಗೆ ಚುನಾವಣೆ ಬಂತೆಂದರೆ ವಸ್ತಾರೆಯಿಂದ ಕಳಸದವರೆಗೆ ಊರೂರಿನಲ್ಲೂ ಅಭ್ಯರ್ಥಿಗಳ ಜಾತಕ ಬಿಚ್ಚಿಕೊಳ್ಳುತ್ತದೆ. ಒತ್ತುವರಿ ತೆರವಿನ ಬಗ್ಗೆ ಅವರ ನಿಲುವೇನು, ಆನೆ ತುಳಿದ ಗದ್ದೆಗೆ ಪರಿಹಾರ ಕೊಡಿಸಿದರೇ, ಕಸ್ತೂರಿರಂಗನ್ ವರದಿಯ ಬಗ್ಗೆ ಎಲ್ಲಿ ಏನು ಮಾತನಾಡಿದರು ಎಂದು ಪ್ರತಿಯೊಬ್ಬರೂ ವಿಚಾರಿಸುತ್ತಾರೆ. ಗ್ರಾಮ ಪಂಚಾಯಿತಿಯ ಸದಸ್ಯರನ್ನು ಆರಿಸುವಾಗಲೂ ನಾವು ಹತ್ತಾರು ಪ್ರಶ್ನೆಗಳನ್ನು ಕೇಳದೆ ಬಿಡುವುದಿಲ್ಲ. ಇದು ಒಳ್ಳೆಯದೇ. ಆದರೆ ಕಳೆದ ಮೂರು ದಶಕಗಳಲ್ಲಿ ಈ ಕಾಫಿ ಬೆಟ್ಟಗಳ ಭವಿಷ್ಯದ ಬಗ್ಗೆ ಅತಿ ದೊಡ್ಡ ನಿರ್ಣಯಗಳು ಹೊರಬಿದ್ದದ್ದು ವಿಧಾನಸಭೆಯಿಂದಲ್ಲ, ನ್ಯಾಯಾಲಯಗಳಿಂದ. ಆ ನ್ಯಾಯಪೀಠಗಳಲ್ಲಿ ಕುಳಿತವರನ್ನು ಆಯ್ಕೆಮಾಡುವಾಗ ನಾವು ಒಂದೇ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಕೇಳಬಹುದೆಂಬ ಅರಿವೂ ನಮಗಿಲ್ಲ.

ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೆಸರುಗಳನ್ನು ಸೂಚಿಸುವವರು, ಆ ವ್ಯಕ್ತಿಗಳು ಪರಿಸರ ಕಾನೂನನ್ನು ಹೇಗೆ ಅರ್ಥೈಸುತ್ತಾರೆ ಎಂಬುದನ್ನು ತೂಗಿ ನೋಡಲೇಬೇಕು. ತೂಗಿದ್ದನ್ನು ಜನರ ಮುಂದೆ ಇಡಲೂ ಬೇಕು. ಇದು ನನ್ನ ವಾದ. ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಇದರಿಂದ ಧಕ್ಕೆಯಾಗುತ್ತದೆ ಎಂದು ಹೇಳುವವರಿದ್ದಾರೆ. ಅವರ ಆಕ್ಷೇಪಣೆಯನ್ನೂ ಪರಿಶೀಲಿಸೋಣ. ಅದಕ್ಕೆ ಮೊದಲು ನಮ್ಮ ನೆಲದಲ್ಲೇ ನಡೆದುದನ್ನು ಸ್ಮರಿಸಿಕೊಳ್ಳುವುದು ಉಚಿತ.

ಕುದುರೆಮುಖದ ಪಾಠ

ಭದ್ರೆಯ ತವರಿನಲ್ಲಿ ಕಬ್ಬಿಣದ ಅದಿರನ್ನು ಅಗೆಯಲು 1969ರಲ್ಲಿ 30 ವರ್ಷಗಳ ಗುತ್ತಿಗೆ ಮಂಜೂರಾಯಿತು. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಅದಿರಿನ ರಾಡಿ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿತು. ಉಳಿದ ಹೂಳು ಲಕ್ಯಾ ಅಣೆಕಟ್ಟೆಯ ಹಿಂದೆ ತುಂಬಿಕೊಂಡಿತು. 1987ರಲ್ಲಿ ಅದೇ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸುವ ಅಧಿಸೂಚನೆ ಹೊರಟಿತು. ಒಂದೇ ಬೆಟ್ಟಕ್ಕೆ ಸರಕಾರವೇ ಎರಡು ಹಣೆಬರಹ ಬರೆದಿತ್ತು. ಗುತ್ತಿಗೆ 1999ರಲ್ಲಿ ಮುಗಿದರೂ ಗಣಿಯ ಸದ್ದು ನಿಲ್ಲಲಿಲ್ಲ. ಕೊನೆಗೆ ಅರಣ್ಯಾಧಿಕಾರಿಯಾಗಿ ಸೇವೆ ಸಲ್ಲಿಸಿದ್ದ ಕೆ.ಎಂ. ಚಿಣ್ಣಪ್ಪನವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ತೀರ್ಪು ನೀಡಿತು. ಕೇಂದ್ರದ ಅರಣ್ಯ ಸಲಹಾ ಸಮಿತಿಯ ಶಿಫಾರಸನ್ನು ಎತ್ತಿಹಿಡಿದು, ಈಗಾಗಲೇ ಅಗೆದ ಜಾಗದಲ್ಲಿ 2005ರ ಅಂತ್ಯದವರೆಗೆ ಮಾತ್ರ ಗಣಿಗಾರಿಕೆಗೆ ಅವಕಾಶ ಕೊಟ್ಟಿತು. ಅದೇ ಪ್ರಕಾರ ಗಣಿ ಮುಚ್ಚಿತು.

ಆ ತೀರ್ಪಿನ ಫಲವನ್ನು ಭದ್ರೆಯ ನೀರು ಕುಡಿಯುವ ಪ್ರತಿಯೊಬ್ಬರೂ ಇಂದು ಅನುಭವಿಸುತ್ತಿದ್ದಾರೆ. ಅದರ ಬೆಲೆಯನ್ನು ತೆತ್ತವರೂ ಇದ್ದಾರೆ. ಗಣಿಯ ಸಂಬಳವನ್ನೇ ನಂಬಿದ್ದ ಕುಟುಂಬಗಳು ಊರು ಬಿಟ್ಟವು. ಕಟ್ಟಿದ ಪಟ್ಟಣ ಬರಿದಾಯಿತು. ತೀರ್ಪು ಸರಿಯೆಂದು ನಾನು ನಂಬುತ್ತೇನೆ. ಆದರೆ ಸರಿಯೆನ್ನುವವರೂ ತಪ್ಪೆನ್ನುವವರೂ ಒಪ್ಪಲೇಬೇಕಾದ ಸಂಗತಿಯೊಂದಿದೆ: ಒಂದು ಕಣಿವೆಯ ನದಿ, ಕಾಡು, ಉದ್ಯೋಗ ಇವೆಲ್ಲವುಗಳ ಗತಿ ನಿರ್ಧಾರವಾದದ್ದು ಆ ದಿನ ಪೀಠದಲ್ಲಿದ್ದವರು ಕಾನೂನನ್ನು ಓದಿದ ರೀತಿಯಿಂದ.

ಕುದುರೆಮುಖ ಒಂದೇ ಅಲ್ಲ. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯವು, ಒಡೆತನ ಯಾರದ್ದೇ ಆಗಿರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವುದೆಲ್ಲವೂ ಅರಣ್ಯವೇ ಎಂದು ಹೇಳಿತು. ನಮ್ಮ ಜಿಲ್ಲೆಯ ರೈತರ ನಿದ್ದೆಗೆಡಿಸಿದ ಡೀಮ್ಡ್ ಅರಣ್ಯದ ಕಥೆ ಹುಟ್ಟಿದ್ದು ಅಲ್ಲಿಂದ. ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರ್ ಎಂದು ಗುರುತಿಸಲಾಗಿದ್ದ ಈ ಅರಣ್ಯವನ್ನು 2022ರಲ್ಲಿ ಸರಕಾರ ಸುಮಾರು 3.30 ಲಕ್ಷ ಹೆಕ್ಟೇರಿಗೆ ಇಳಿಸಿತು. ಒಂದು ಪದದ ಅರ್ಥಕ್ಕೆ ಇಷ್ಟು ತೂಕವಿರುವಾಗ, ಆ ಅರ್ಥವನ್ನು ಹೇಳುವವರು ಯಾರೆಂಬುದಕ್ಕೆ ತೂಕವಿಲ್ಲವೇ?

ಕಾನೂನು ಒಂದೇ, ತೀರ್ಪು ಎರಡು

'ನ್ಯಾಯಾಧೀಶರಿಗೆ ಸ್ವಂತ ಅಭಿಪ್ರಾಯ ಇರಬಾರದು. ಕಾನೂನಿನಲ್ಲಿ ಬರೆದುದನ್ನು ಓದಿ ಹೇಳುವುದಷ್ಟೇ ಅವರ ಕೆಲಸ. ಹಾಗಿರುವಾಗ ಅವರ ದೃಷ್ಟಿಕೋನವನ್ನು ಕೆದಕುವುದೇಕೆ?' ಇದು ಸಾಮಾನ್ಯವಾಗಿ ಕೇಳಿಬರುವ ಮಾತು. ಕೇಳಲು ಇಂಪಾದ ಈ ಮಾತಿಗೆ 2025ನೇ ಇಸವಿಯೇ ಉತ್ತರ ಕೊಟ್ಟಿದೆ.

ಗಣಿಯನ್ನೋ ಬೃಹತ್ ಕಟ್ಟಡವನ್ನೋ ಆರಂಭಿಸುವ ಮೊದಲು ಪರಿಸರ ಅನುಮತಿ ಪಡೆಯಬೇಕೆಂಬುದು ನಿಯಮ. ಅನುಮತಿಯಿಲ್ಲದೆ ಕೆಲಸ ಮುಗಿಸಿ, ಆಮೇಲೆ ಅರ್ಜಿ ಹಾಕಿದವರಿಗೂ ಅದನ್ನು ನೀಡುವ ದಾರಿಯನ್ನು ಕೇಂದ್ರ ಸರಕಾರ 2017ರ ಅಧಿಸೂಚನೆ ಮತ್ತು 2021ರ ಸುತ್ತೋಲೆಯ ಮೂಲಕ ತೆರೆಯಿತು. 2025ರ ಮೇ 16ರಂದು, ವನಶಕ್ತಿ ಸಂಸ್ಥೆಯ ಪ್ರಕರಣದಲ್ಲಿ, ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಅವೆರಡನ್ನೂ ರದ್ದುಪಡಿಸಿತು. ಓಕಾ ಅವರು ಹಿಂದೆ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು. ಅದೇ ತಿಂಗಳು ಅವರು ನಿವೃತ್ತರಾದರು. ನವೆಂಬರ್ 18ರಂದು ಅದೇ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಎರಡಕ್ಕೆ ಒಂದು ಬಹುಮತದಿಂದ ಹಿಂದಕ್ಕೆ ಪಡೆಯಿತು. ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಕೆ. ವಿನೋದ್ ಚಂದ್ರನ್ ಅವರು, ಸಾವಿರಾರು ಕೋಟಿ ರೂಪಾಯಿಗಳ ಸಾರ್ವಜನಿಕ ಕಟ್ಟಡಗಳನ್ನು ಕೆಡವಬೇಕಾದೀತು, ಹಿಂದಿನ ಕೆಲವು ತೀರ್ಪುಗಳನ್ನು ಗಮನಿಸಲಾಗಿಲ್ಲ ಎಂದು ಕಾರಣ ಕೊಟ್ಟರು. ಭುಯಾನ್ ಅವರು ತಮ್ಮ ನಿಲುವಿನಲ್ಲೇ ಉಳಿದು ಭಿನ್ನಮತದ ತೀರ್ಪು ಬರೆದರು.

ಆರು ತಿಂಗಳಲ್ಲಿ ಕಾನೂನಿನ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಪೀಠ ಮಾತ್ರ. ಇವರೆಲ್ಲರೂ ವಿದ್ವಾಂಸರೇ, ಯಾರ ಪ್ರಾಮಾಣಿಕತೆಯನ್ನೂ ಶಂಕಿಸಬೇಕಾಗಿಲ್ಲ. ಆದರೆ 'ಮೊದಲು' ಎಂಬ ಪದಕ್ಕೆ ಎಷ್ಟು ಬಲ ಕೊಡಬೇಕು ಎಂಬುದರಲ್ಲಿ ಅವರು ಬೇರೆ ಬೇರೆ ದಾರಿ ಹಿಡಿದರು. ಬಯಲುಸೀಮೆಯಲ್ಲಿ ಕುಳಿತವರಿಗೆ ಇದು ಸೂಕ್ಷ್ಮ ತರ್ಕವೆನಿಸಬಹುದು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳಲ್ಲಿ ಗುಡ್ಡ ಜರಿದು ಮನೆ, ತೋಟಗಳು ಮಣ್ಣಿನಡಿ ಸೇರಿದ್ದನ್ನು ಕಂಡವರಿಗೆ ಹಾಗೆನಿಸದು. ಅಲ್ಲಿ ಜರಿದದ್ದು ಅತಿವೃಷ್ಟಿಗೆ. ಆದರೆ ಜರಿದ ಬೆಟ್ಟ ಮತ್ತೆ ನಿಲ್ಲುವುದಿಲ್ಲ ಎಂಬ ಸತ್ಯ, ಮಳೆ ಜರಿಸಿದ ಬೆಟ್ಟಕ್ಕೂ ಯಂತ್ರ ಕಡಿದ ಬೆಟ್ಟಕ್ಕೂ ಒಂದೇ. ಕಡಿದಾದ ಮೇಲೆ ದಂಡ ಕಟ್ಟಿಸಿಕೊಂಡು ಕೊಡುವ ಅನುಮತಿಯಿಂದ ಆ ಇಳಿಜಾರು ಮರಳಿ ಬರುವುದುಂಟೇ?

ತೂಗುವುದು ಈಗಲೂ ಇದೆ, ಮುಚ್ಚಿದ ಬಾಗಿಲ ಹಿಂದೆ

ಆಯ್ಕೆ ನಡೆಯುವ ಬಗೆಯನ್ನು ಸ್ಥೂಲವಾಗಿ ತಿಳಿದುಕೊಳ್ಳೋಣ. ಉಚ್ಚ ನ್ಯಾಯಾಲಯಕ್ಕೆ ಬೇಕಾದ ಹೆಸರುಗಳನ್ನು ಅಲ್ಲಿನ ಮುಖ್ಯ ನ್ಯಾಯಮೂರ್ತಿಗಳು ಇಬ್ಬರು ಹಿರಿಯ ಸಹೋದ್ಯೋಗಿಗಳ ಜೊತೆ ಸೇರಿ ಶಿಫಾರಸು ಮಾಡುತ್ತಾರೆ. ರಾಜ್ಯ ಸರಕಾರ ತನ್ನ ಅಭಿಪ್ರಾಯ ಸೇರಿಸುತ್ತದೆ. ಕೇಂದ್ರದ ಗುಪ್ತಚರ ವರದಿ ಬರುತ್ತದೆ. ಬಳಿಕ ಸರ್ವೋಚ್ಚ ನ್ಯಾಯಾಲಯದ ಕೊಲಿಜಿಯಂ ನಿರ್ಧರಿಸಿ ಕೇಂದ್ರ ಸರಕಾರಕ್ಕೆ ಕಳುಹಿಸುತ್ತದೆ. ಸರ್ವೋಚ್ಚ ನ್ಯಾಯಾಲಯದ ಸ್ಥಾನಗಳಿಗಾದರೆ ಭಾರತದ ಮುಖ್ಯ ನ್ಯಾಯಮೂರ್ತಿಗಳೂ ನಾಲ್ವರು ಹಿರಿಯರೂ ಕುಳಿತು ಹೆಸರಿಸುತ್ತಾರೆ. 1993ರ ತೀರ್ಪಿನಿಂದ ನೆಲೆಗೊಂಡ ಈ ವ್ಯವಸ್ಥೆಯನ್ನು ಬದಲಿಸಲು ಸಂಸತ್ತು 2014ರಲ್ಲಿ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗದ ಕಾನೂನು ತಂದಿತು. 2015ರ ಅಕ್ಟೋಬರ್ 16ರಂದು ನ್ಯಾಯಾಲಯ ಅದನ್ನು ನಾಲ್ಕಕ್ಕೆ ಒಂದು ಬಹುಮತದಿಂದ ತಳ್ಳಿಹಾಕಿತು. ಕೊಲಿಜಿಯಂನ ಕೆಲಸ ಜನರಿಗೆ ಕಾಣದಂತೆ ನಡೆಯುತ್ತದೆ ಎಂದು ಅಂದು ಭಿನ್ನಮತ ಬರೆದವರೂ ಒಬ್ಬ ನ್ಯಾಯಮೂರ್ತಿಯೇ, ಜೆ. ಚಲಮೇಶ್ವರ್. ಸರಕಾರದ ಕೈಗೆ ನೇಮಕಾತಿಯನ್ನು ಒಪ್ಪಿಸಬೇಕೆಂದು ನಾನು ವಾದಿಸುತ್ತಿಲ್ಲ. ಅದು ಹುಲಿಗೆ ದನ ಕಾಯಲು ಬಿಟ್ಟಂತಾದೀತು. ಏಕೆಂದರೆ ಪರಿಸರದ ಮೊಕದ್ದಮೆಗಳಲ್ಲಿ ಹೆಚ್ಚಿನ ಬಾರಿ ಪ್ರತಿವಾದಿಯಾಗಿ ನಿಲ್ಲುವುದು ಸರಕಾರವೇ.

ಅಭ್ಯರ್ಥಿಯ ಅಭಿಪ್ರಾಯಗಳನ್ನು ತೂಗುವುದೇ ಅನುಚಿತ ಎನ್ನುವವರು ಗಮನಿಸಬೇಕಾದ ಸಂಗತಿಯೊಂದಿದೆ. ತೂಗುವ ಕೆಲಸ ಈಗಾಗಲೇ ನಡೆಯುತ್ತಿದೆ. ಮುಂಬಯಿಯ ವಕೀಲ ಸೋಮಶೇಖರ ಸುಂದರೇಶನ್ ಅವರ ಹೆಸರನ್ನು ಕೇಂದ್ರ ಸರಕಾರ ಹಿಂದಿರುಗಿಸಿತ್ತು; ನ್ಯಾಯಾಲಯದ ಮುಂದಿರುವ ವಿಷಯಗಳ ಬಗ್ಗೆ ಅವರು ಸಾಮಾಜಿಕ ಮಾಧ್ಯಮದಲ್ಲಿ ಅಭಿಪ್ರಾಯ ಬರೆದಿದ್ದಾರೆ ಎಂಬುದು ಆಕ್ಷೇಪಣೆ. 2023ರ ಜನವರಿಯಲ್ಲಿ ಕೊಲಿಜಿಯಂ ಕಾರಣಗಳನ್ನು ಪ್ರಕಟಿಸಿ, ಅಭಿಪ್ರಾಯ ಹೇಳಿದ ಮಾತ್ರಕ್ಕೆ ಯೋಗ್ಯತೆ ಕಳೆದುಹೋಗದು ಎಂದು ಹೆಸರನ್ನು ಮತ್ತೆ ಕಳುಹಿಸಿತು. ಅದೇ ವರ್ಷ ಅವರ ನೇಮಕವೂ ಆಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಎಲ್. ವಿಕ್ಟೋರಿಯಾ ಗೌರಿ ಅವರು ಅಲ್ಪಸಂಖ್ಯಾತರ ಬಗ್ಗೆ ಆಡಿದ್ದರೆನ್ನಲಾದ ಮಾತುಗಳನ್ನು ಮುಂದಿಟ್ಟು, ಮದ್ರಾಸ್ ಉಚ್ಚ ನ್ಯಾಯಾಲಯಕ್ಕೆ ಅವರ ನೇಮಕವನ್ನು ಕೆಲವು ವಕೀಲರು ಪ್ರಶ್ನಿಸಿದರು. ಅರ್ಹತೆ ಬೇರೆ, ಯೋಗ್ಯತೆ ಬೇರೆ. ಯೋಗ್ಯತೆಯನ್ನು ಅಳೆಯುವುದು ನ್ಯಾಯಾಲಯದ ವಿಚಾರಣೆಗೆ ಬರುವ ವಿಷಯವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ಆ ಅರ್ಜಿಗಳನ್ನು ತಳ್ಳಿಹಾಕಿತು.

ಹಾಗಾದರೆ ಯೋಗ್ಯತೆಯನ್ನು ಅಳೆಯುವುದು ಆಯ್ಕೆಗಾರರ ಕರ್ತವ್ಯವೆಂದಾಯಿತು. ಅಳತೆಗೋಲು ಯಾವುದು? ಸರಕಾರವನ್ನು ಟೀಕಿಸಿದರೇ ಎಂದು ಕೇಳಲು ಸಮಯವಿದೆ. ನದಿಯೊಂದರ ಮೊಕದ್ದಮೆಯಲ್ಲಿ ಏನು ಬರೆದರು ಎಂದು ಕೇಳಲು ಸಮಯವಿಲ್ಲವೇ? ಸಂವಿಧಾನದ 48ಎ ವಿಧಿ ಕಾಡು ಮತ್ತು ವನ್ಯಜೀವಿಗಳ ರಕ್ಷಣೆಯನ್ನು 1976ರಿಂದ ರಾಜ್ಯದ ಹೊಣೆಯಾಗಿಸಿದೆ. ಸಂವಿಧಾನದ ಈ ಭಾಗವನ್ನು ಹೇಗೆ ಓದುತ್ತೀರಿ ಎಂದು ಸಂವಿಧಾನದ ಕಾವಲುಗಾರರನ್ನು ಕೇಳುವುದು ಅಪಚಾರವಾದೀತೇ?

ಇನ್ನೊಂದು ವಿಪರ್ಯಾಸವಿದೆ. 2010ರ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಯ್ದೆ, ನ್ಯಾಯಾಂಗ ಸದಸ್ಯರ ಪಕ್ಕದಲ್ಲಿ ತಜ್ಞ ಸದಸ್ಯರೂ ಕುಳಿತುಕೊಳ್ಳಬೇಕೆನ್ನುತ್ತದೆ. ತಜ್ಞರಿಗೆ ಉನ್ನತ ಪದವಿ, 15 ವರ್ಷಗಳ ಅನುಭವ, ಅದರಲ್ಲಿ 5 ವರ್ಷ ಪರಿಸರ ಕ್ಷೇತ್ರದಲ್ಲೇ ದುಡಿದ ಅನುಭವವಿರಬೇಕೆಂದು ವಿಧಿಸುತ್ತದೆ. ಈ ವಿಷಯಕ್ಕೆ ವಿಶೇಷ ಜ್ಞಾನ ಬೇಕೆಂದು ಕಾನೂನೇ ಒಪ್ಪಿಕೊಂಡಂತಾಯಿತು. ಆದರೆ ಆ ಮಂಡಳಿಯ ತೀರ್ಪಿನ ಮೇಲೆ ಮೇಲ್ಮನವಿ ಹೋಗುವುದು ಸರ್ವೋಚ್ಚ ನ್ಯಾಯಾಲಯಕ್ಕೆ. ಕೆಳಗಿನ ಮೆಟ್ಟಿಲಲ್ಲಿ ಜ್ಞಾನವನ್ನು ಕೇಳಿ, ಮೇಲಿನ ಮೆಟ್ಟಿಲಲ್ಲಿ ಏನನ್ನೂ ಕೇಳದಿರುವುದು ಯಾವ ತರ್ಕ?

ಹಸಿರು ಪಟ್ಟಿ ಕಟ್ಟುವುದಲ್ಲ

ಈಗ ಗಂಭೀರವಾದ ಆಕ್ಷೇಪಣೆಗೆ ಬರೋಣ. ಹೀಗೆ ಕೇಳತೊಡಗಿದರೆ ನ್ಯಾಯಾಧೀಶರು ಮೊದಲೇ ತೀರ್ಪಿನ ಭರವಸೆ ಕೊಟ್ಟು ಪೀಠವೇರುವ ದುರ್ಗತಿ ಬಾರದೇ? ಅಮೆರಿಕವನ್ನು ನೋಡಿ ಈ ಭಯ ಹುಟ್ಟಿದೆ. ಅಲ್ಲಿ ಅಧ್ಯಕ್ಷರು ಹೆಸರಿಸಿದವರನ್ನು ಸೆನೆಟ್ ಬಹಿರಂಗವಾಗಿ ಪ್ರಶ್ನಿಸುತ್ತದೆ. 2020ರಲ್ಲಿ ಏಮಿ ಕೋನಿ ಬ್ಯಾರೆಟ್ ಅವರನ್ನು ಹವಾಮಾನ ಬದಲಾವಣೆಯ ಬಗ್ಗೆ ಕೇಳಿದಾಗ, ಅದು ವಿವಾದಾಸ್ಪದ ವಿಷಯವೆಂದು ಹೇಳಿ ಉತ್ತರಿಸಲು ನಿರಾಕರಿಸಿದರು. ಜೌಗು ಪ್ರದೇಶಗಳಿಗಿದ್ದ ಕಾನೂನಿನ ರಕ್ಷಣೆಯನ್ನು 2023ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಕಿರಿದುಗೊಳಿಸಿದಾಗ ಐವರ ಬಹುಮತದಲ್ಲಿ ಅವರೂ ಒಬ್ಬರಾಗಿದ್ದರು. ಇದಕ್ಕೂ ಹಿಂದೆ, 2017ರಲ್ಲಿ ಕೆಳಗಿನ ನ್ಯಾಯಾಲಯವೊಂದಕ್ಕೆ ಹೆಸರು ಬಂದಾಗ, ಅವರ ಕಥೋಲಿಕ ವಿಶ್ವಾಸವನ್ನೇ ಪ್ರಶ್ನೆಯಾಗಿಸಿದವರೂ ಇದ್ದರು. ಅದು ಸರ್ವಥಾ ತಪ್ಪು. ಒಬ್ಬರ ಪ್ರಾರ್ಥನೆಯನ್ನು ಕೆದಕುವುದಕ್ಕೂ ಅವರ ಕಾನೂನಿನ ಓದನ್ನು ಪರೀಕ್ಷಿಸುವುದಕ್ಕೂ ಅಜಗಜಾಂತರವಿದೆ.

ಅಮೆರಿಕದ ಆ ನಾಟಕ ನಮಗೆ ಬೇಡ. ಅಲ್ಲಿ ಪ್ರಶ್ನಿಸುವವರು ಮತಕ್ಕಾಗಿ ಪ್ರಶ್ನಿಸುತ್ತಾರೆ, ಉತ್ತರಿಸುವವರು ಉತ್ತರಿಸದಿರುವುದನ್ನು ಅಭ್ಯಾಸ ಮಾಡಿಕೊಂಡು ಬರುತ್ತಾರೆ. ನಾವು ನೋಡಬೇಕಾದದ್ದು ಬಾಯಿಮಾತಿನ ಭರವಸೆಯನ್ನಲ್ಲ, ಬರೆದಿಟ್ಟ ತೀರ್ಪುಗಳನ್ನು. ಉಚ್ಚ ನ್ಯಾಯಾಲಯದಲ್ಲಿ ಹತ್ತು ಹದಿನೈದು ವರ್ಷ ಕುಳಿತವರ ನೂರಾರು ತೀರ್ಪುಗಳು ಸಾರ್ವಜನಿಕ ದಾಖಲೆಗಳೇ. ವಕೀಲರ ಪಂಕ್ತಿಯಿಂದ ಬರುವವರ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಗಣಿ ಕಂಪನಿಯ ಪರ ವಾದಿಸಿದರೆಂಬ ಕಾರಣಕ್ಕೆ ಒಬ್ಬರನ್ನು ಗಣಿಯ ಪಕ್ಷಪಾತಿ ಎನ್ನಲಾಗದು. ಕಕ್ಷಿದಾರರ ವಾದ ವಕೀಲರ ಸ್ವಂತ ನಂಬಿಕೆಯಲ್ಲ.

ಒಂದೇ ತೀರ್ಪನ್ನು ಹಿಡಿದು ಹಣೆಪಟ್ಟಿ ಕಟ್ಟುವುದೂ ಸಲ್ಲದು. ನ್ಯಾಯಮೂರ್ತಿ ಬಿ.ಎನ್. ಕಿರ್ಪಾಲ್ ಅವರನ್ನು ನೋಡಿ. ನರ್ಮದಾ ಅಣೆಕಟ್ಟೆಗೆ ದಾರಿ ಮಾಡಿಕೊಟ್ಟ 2000ನೇ ಇಸವಿಯ ಬಹುಮತದ ತೀರ್ಪನ್ನು ಬರೆದವರು ಅವರು. ಅರಣ್ಯವನ್ನು ಕಾಪಾಡಿದ ಗೋದಾವರ್ಮನ್ ಪ್ರಕರಣದ ಪೀಠವನ್ನು ಅದೇ ಕಾಲದಲ್ಲಿ ಮುನ್ನಡೆಸಿದವರೂ ಅವರೇ. ಅವರನ್ನು ಯಾವ ಗೂಡಿನಲ್ಲಿ ಇಡುತ್ತೀರಿ? ಮನುಷ್ಯನ ನ್ಯಾಯಬುದ್ಧಿ ಕಾಫಿ ಬೀಜದಂತೆ ಜರಡಿಯಲ್ಲಿ ಸೋಸಿ ದರ್ಜೆ ಹಚ್ಚುವಂಥದ್ದಲ್ಲ. ಪೂರ್ತಿ ದಾಖಲೆಯನ್ನು ಓದುವ ತಾಳ್ಮೆ ಬೇಕು. ಓದದೆ ಆರಿಸುವುದು ಮಾತ್ರ ತಾಳ್ಮೆಯಲ್ಲ, ಉದಾಸೀನ.

ನಮಗೆ ಬೇಕಾದವರು ಮರವನ್ನು ಕಂಡು ಮನುಷ್ಯನನ್ನು ಕಾಣದವರೂ ಅಲ್ಲ. 2019ರ ಫೆಬ್ರವರಿ 13ರಂದು ಸರ್ವೋಚ್ಚ ನ್ಯಾಯಾಲಯದ ಆದೇಶವೊಂದು, ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾದ ಕುಟುಂಬಗಳನ್ನು ತೆರವುಗೊಳಿಸಲು ರಾಜ್ಯಗಳಿಗೆ ಸೂಚಿಸಿತು. ದೇಶದಾದ್ಯಂತ ಕೂಗೆದ್ದು, ಅದೇ ತಿಂಗಳ 28ರಂದು ಆ ಆದೇಶಕ್ಕೆ ತಡೆ ಬಿತ್ತು. ತಡೆ ಬೀಳದಿದ್ದರೆ ಕಾಡಂಚಿನ ಹಾಡಿಗಳ ಗಿರಿಜನರು ಎಲ್ಲಿ ಹೋಗಬೇಕಿತ್ತು? ಅರಣ್ಯದ ಹೆಸರಿನಲ್ಲೂ ಅನ್ಯಾಯವಾಗಬಲ್ಲದು. ಇದಕ್ಕೆ ಪ್ರತಿಯಾಗಿ 2013ರ ನಿಯಮಗಿರಿ ತೀರ್ಪನ್ನು ನೋಡಿ. ಒಡಿಶಾದ ಆ ಬೆಟ್ಟದಲ್ಲಿ ಬಾಕ್ಸೈಟ್ ತೆಗೆಯಬಹುದೇ ಎಂಬ ಪ್ರಶ್ನೆಯನ್ನು ನ್ಯಾಯಾಲಯ ಅಲ್ಲಿನ ಗ್ರಾಮಸಭೆಗಳ ಮುಂದಿಟ್ಟಿತು. ಹನ್ನೆರಡು ಗ್ರಾಮಸಭೆಗಳೂ ಬೇಡವೆಂದವು. ಬೆಟ್ಟವೂ ಉಳಿಯಿತು, ಬೆಟ್ಟದ ಮಕ್ಕಳ ಮಾತೂ ಉಳಿಯಿತು.

'ನಮಗೆ ಒತ್ತುವರಿ ಉಳಿಸಿಕೊಡುವ ನ್ಯಾಯಾಧೀಶರು ಸಾಕು' ಎನ್ನುವ ಬೆಳೆಗಾರ ಬಂಧುಗಳಿಗೂ ಒಂದು ಮಾತು. ಇಂದು ನಿಮ್ಮ ಎರಡು ಎಕರೆಗೆ ಕಾನೂನನ್ನು ಸಡಿಲಿಸುವವರು ನಾಳೆ ನಿಮ್ಮ ಹಳ್ಳದ ಮೇಲ್ಗಡೆ ಕಲ್ಲುಕ್ವಾರಿಯವರಿಗೂ ಸಡಿಲಿಸುತ್ತಾರೆ. ಆಗ ನೀವು ಬಾಗಿಲು ತಟ್ಟಬೇಕಾದದ್ದು ಅದೇ ನ್ಯಾಯಾಲಯದಲ್ಲಿ, ಆಶ್ರಯಿಸಬೇಕಾದದ್ದು ಅದೇ ಕಾನೂನನ್ನು. ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗಂತೂ ಆ ಹಳ್ಳದ ನೀರಲ್ಲದೆ ಬೇರೆ ಆಸ್ತಿಯೇ ಇಲ್ಲ.

ಕೇಳಬೇಕಾದ ಮೂರು ಪ್ರಶ್ನೆಗಳು

ಹಾಗಾದರೆ ಏನನ್ನು ತೂಗಬೇಕು? ಅಭ್ಯರ್ಥಿಯ ದಾಖಲೆಯನ್ನು ಮೂರು ಪ್ರಶ್ನೆಗಳಿಂದ ಪರೀಕ್ಷಿಸಿದರೆ ಸಾಕು. ಮೊದಲನೆಯದು: ಕಾನೂನು 'ಮೊದಲು ಅನುಮತಿ' ಎಂದಿರುವಲ್ಲಿ ಅವರು ಅದನ್ನು ಮೊದಲೆಂದೇ ಓದಿದ್ದಾರೆಯೇ? ಎರಡನೆಯದು: ಹಾನಿಯಾಗುವುದೋ ಇಲ್ಲವೋ ಎಂಬ ಸಂದೇಹವಿರುವಾಗ, ರುಜುವಾತಿನ ಭಾರವನ್ನು ಬೆಟ್ಟ ಅಗೆಯುವವರ ಮೇಲೆ ಹೊರಿಸಿದ್ದಾರೆಯೇ, ಅಥವಾ ಬೆಟ್ಟದ ಬುಡದಲ್ಲಿರುವ ಬಡವರ ಮೇಲೆಯೇ? ಮುನ್ನೆಚ್ಚರಿಕೆಯ ಈ ತತ್ವ 1996ರ ವೆಲ್ಲೂರು ತೀರ್ಪಿನಿಂದಲೇ ನಮ್ಮ ಕಾನೂನಿನ ಅಂಗವಾಗಿದೆ. ಮೂರನೆಯದು: ಆ ನೆಲದಲ್ಲಿ ಬಾಳುವವರ ಮಾತನ್ನು ಕೇಳದೆ ಹೊರಟ ಆದೇಶವನ್ನು ಅವರು ಒಪ್ಪಿದ್ದಾರೆಯೇ, ತಿದ್ದಿದ್ದಾರೆಯೇ? ಈ ಮೂರರಲ್ಲಿ ಯಾವುದೂ ತೀರ್ಪಿನ ಭರವಸೆ ಕೇಳುವುದಿಲ್ಲ.

ಕೊಲಿಜಿಯಂ ತನ್ನ ನಿರ್ಣಯಗಳನ್ನು 2017ರಿಂದ ಪ್ರಕಟಿಸತೊಡಗಿದ್ದು ಸ್ವಾಗತಾರ್ಹ. ಹೆಸರುಗಳ ಜೊತೆಗೆ, ಆ ವ್ಯಕ್ತಿ ಬರೆದ ಮುಖ್ಯ ಪರಿಸರ ತೀರ್ಪುಗಳಾವುವು, ಅವುಗಳಿಂದ ಆಯ್ಕೆಗಾರರು ಏನನ್ನು ಕಂಡುಕೊಂಡರು ಎಂದು ಎರಡು ಪುಟ ಬರೆದು ಪ್ರಕಟಿಸಲು ಯಾವ ತಿದ್ದುಪಡಿಯೂ ಬೇಕಾಗಿಲ್ಲ, ಮನಸ್ಸೊಂದು ಬೇಕು. ಉಚ್ಚ ನ್ಯಾಯಾಲಯದ ಹೆಸರುಗಳಿಗೆ ರಾಜ್ಯ ಸರಕಾರ ಅಭಿಪ್ರಾಯ ಬರೆಯುವಾಗ, ಮಲೆನಾಡಿನ ಶಾಸಕರು ಈ ಪ್ರಶ್ನೆಯನ್ನು ಎತ್ತಬಹುದು. ಎತ್ತುವಂತೆ ನಾವು ಒತ್ತಾಯಿಸಬಹುದು. ನಮ್ಮ ಧರ್ಮಕೇಂದ್ರಗಳಲ್ಲಿ ಕಾನೂನು ಓದಿದ ಯುವಕ ಯುವತಿಯರಿದ್ದಾರೆ. ಬೆಟ್ಟಕ್ಕೆ ಸಂಬಂಧಿಸಿದ ತೀರ್ಪುಗಳನ್ನು ಅವರು ಓದಿ, ಸರಳ ಕನ್ನಡದಲ್ಲಿ ಕುಟುಂಬಗಳಿಗೆ ವಿವರಿಸುವುದು ಸಣ್ಣ ಸೇವೆಯಲ್ಲ.

ಇಸ್ರಯೇಲರ ನ್ಯಾಯವನ್ನು ಮೋಶೆ ಒಬ್ಬನೇ ಬೆಳಗಿನಿಂದ ಸಂಜೆಯವರೆಗೆ ತೀರಿಸುತ್ತಿದ್ದಾಗ, ಅವನ ಮಾವ ಇತ್ರೋನನು ಸಮರ್ಥರನ್ನೂ ದೇವರಿಗೆ ಅಂಜುವವರನ್ನೂ ನಂಬಿಗಸ್ತರನ್ನೂ ಲಂಚವನ್ನು ದ್ವೇಷಿಸುವವರನ್ನೂ ಹುಡುಕಿ ನೇಮಿಸೆಂದು ಬುದ್ಧಿ ಹೇಳಿದ ವೃತ್ತಾಂತವನ್ನು ವಿಮೋಚನಾಕಾಂಡದಲ್ಲಿ ಓದುತ್ತೇವೆ. ಸಿಕ್ಕವರನ್ನು ಕೂರಿಸು ಎಂದು ಅವನು ಹೇಳಲಿಲ್ಲ. ಗುಣಗಳನ್ನು ಎಣಿಸಿ ಹೇಳಿದ. ಅಷ್ಟು ಪುರಾತನ ಕಾಲದಲ್ಲೇ ನ್ಯಾಯಾಧೀಶರನ್ನು ಆರಿಸಲು ಅಳತೆಗೋಲು ಬೇಕಾಗಿತ್ತು. ಭದ್ರೆ, ತುಂಗೆ, ನೇತ್ರಾವತಿಯರ ಮೂಲದಲ್ಲಿ ವಾಸಿಸುವ ನಾವು, ಆ ಅಳತೆಗೋಲಿಗೆ ಇನ್ನೊಂದು ಗೆರೆ ಸೇರಿಸಿರೆಂದು ಕೇಳುವುದು ಅತಿಯಾಸೆಯಲ್ಲ. ನಮ್ಮ ಮಕ್ಕಳ ಪಾಲಿನ ನೀರು ಮತ್ತು ಮಣ್ಣಿನ ಮೇಲೆ ಕೊನೆಯ ಮಾತು ಹೇಳುವವರು ಯಾರೆಂದು, ಆ ಮಾತು ಹೊರಡುವ ಮೊದಲೇ ತಿಳಿಯುವ ಹಕ್ಕು ನಮಗಿದೆ. ಅದನ್ನು ಕೇಳಿ ಪಡೆಯೋಣ.